ಡಾಕ್ಟ್ರಮ್ಮನ ಕಾರಿನ ಪುಸ್ತಕ

ಆಗ ನಾನು ಕುಂದಾಪುರದಲ್ಲಿ ವಾಹನಗಳ ಕಾಗದಪತ್ರ ಮಾಡಿಸಿಕೊಡುವ ಏಜೆಂಟನಾಗಿದ್ದೆ. ಬಸ್ ಸ್ಟ್ಯಾಂಡಿನ ಹತ್ತಿರದ ಒಂದು ಜೆರಾಕ್ಸ್ ಅಂಗಡಿಯ ಜಗುಲಿಯಲ್ಲಿ ಒಂದು ಮೇಜು, ಎರಡು ಕುರ್ಚಿ, ಒಂದು ಹಳೆಯ ಟೈಪ್‌ರೈಟರ್. ಲೈಸೆನ್ಸು, ಪರ್ಮಿಟ್ಟು, ಎಫ್‌ಸಿ, ಹೆಸರು ಬದಲಾವಣೆ, ಏನೇ ಇರಲಿ ಜನ ಮೊದಲು ನನ್ನ ಮೇಜಿಗೆ ಬರುತ್ತಿದ್ದರು. ದಾರಿಯಲ್ಲಿ ಯಾರಾದರೂ "ಹ್ವಾಯ್ ಏಜೆಂಟ್ರೆ" ಎಂದು ಕೂಗಿದರೆ ಎದೆ ಉಬ್ಬುತ್ತಿತ್ತು. ಇಪ್ಪತ್ತೊಂಬತ್ತು ವರ್ಷ. ನನ್ನ ಕೈಗೆ ಬಂದ ಕಾಗದ ಕೆಲಸವಾಗದೆ ವಾಪಸು ಹೋಗುವುದಿಲ್ಲ ಎಂದು ನಾನೇ ಹೇಳಿಕೊಂಡು ತಿರುಗುತ್ತಿದ್ದೆ.

ಬ್ರಹ್ಮಾವರದ ಡಾಕ್ಟ್ರಮ್ಮ ನನಗೆ ಹೇಳಿಕಳಿಸಿದ್ದು ೧೯೯೮ರಲ್ಲಿ. ಅವರಿಗೆ ಅಷ್ಟರಲ್ಲಿ ಎಪ್ಪತ್ತು ಹತ್ತಿರ. ಮದುವೆಯಾಗಿರಲಿಲ್ಲ. ನಲವತ್ತು ವರ್ಷದಿಂದ ಬ್ರಹ್ಮಾವರದಿಂದ ಬೈಂದೂರಿನವರೆಗೆ ಹೆರಿಗೆ ಮಾಡಿಸಲು ಓಡಾಡಿದವರು. ಹೊಳೆಗಳಿಗೆ ಸೇತುವೆ ಇಲ್ಲದ ಕಾಲದಲ್ಲಿ ಎರಡು ದೋಣಿ ಜೋಡಿಸಿ ಹಲಗೆ ಹೊದೆಸಿದ ಜಂಗಲಿನ ಮೇಲೆ ಕಾರು ಹತ್ತಿಸಿ ದಾಟುತ್ತಿದ್ದರಂತೆ. ನನ್ನ ಅಮ್ಮನ ಕಡೆಯ ಹಲವರು ಅವರ ಕೈಯಲ್ಲೇ ಹುಟ್ಟಿದವರು. "ಕಾರಿನ ಹಾರನ್ ಕೇಂಡ್ರೆ ಸಾಕ್, ಹೆಣ್ಣಿಗೆ ಅರ್ಧ ನೋವ್ ಕಮ್ಮಿ ಆತಿತ್ತ್" ಎಂದು ಅಮ್ಮ ಹೇಳುತ್ತಿದ್ದಳು.

ಆ ಕಾರು ಇನ್ನೂ ಇತ್ತು. ಕಪ್ಪು ಬಣ್ಣ, ಉರುಟು ಬೆನ್ನು, ಬಾಗಿಲು ಹಿಂದುಮುಂದಾಗಿ ತೆರೆಯುವ ವಿಲಾಯತಿ ಕಾರು. ಮೊದಲು ಮಂಗಳೂರು ಕಡೆಯ ಒಬ್ಬ ಹಂಚಿನ ಕಾರ್ಖಾನೆಯ ದೊರೆ ಇಟ್ಟುಕೊಂಡಿದ್ದನಂತೆ. ಅವನು ಊರು ಬಿಟ್ಟು ಹೋಗುವಾಗ ಡಾಕ್ಟ್ರಮ್ಮ ತೆಗೆದುಕೊಂಡರು. ನಂಬರ್ ಪ್ಲೇಟು ಕೂಡ ಬದಲಾಗಿರಲಿಲ್ಲ, ಮದ್ರಾಸ್ ಸರ್ಕಾರದ ಕಾಲದ್ದು. ಆದರೆ ಅದರ ನೋಂದಣಿಯ ಅವಧಿ ಮುಗಿದಿತ್ತು. ಸಾಲಿಗ್ರಾಮದ ಹತ್ತಿರ ಪೊಲೀಸರು ತಡೆದು, "ಅಮ್ಮ, ಇದನ್ನ ಗುಜರಿಗೆ ಹಾಕಿ" ಎಂದಿದ್ದರಂತೆ.

"ಗುಜರಿಗಂಬ್ರ!" ಡಾಕ್ಟ್ರಮ್ಮ ನನಗೆ ಕಾಫಿ ಕೊಡುತ್ತಾ ಹೇಳಿದರು. "ಹಾಂಗಾರೆ ನನ್ನನ್ನೂ ಅಲ್ಲೇ ಹಾಕ್ಕ್. ಕಾಣ್, ಪೇಟೆಯಲ್ಲಿ ಹಳೇ ಕಾರಿನವ್ರದ್ದ್ ಒಂದ್ ಸಂಘ ಇತ್ತಂಬ್ರ. ಅವ್ರ್ ಪಾರಂಪರಿಕ ವಾಹನ ಅಂದೇಳಿ ಪಟ್ಟಿಗೆ ಸೇರ್ಸಿ ಸರ್ಟಿಫಿಕೇಟ್ ಕೊಡ್ತ್ರಂಬ್ರ. ಮೊದ್ಲ್ ಸರ್ಕಾರದ್ದ್ ನೋಂದಣಿ ಹೊಸತ್ ಮಾಡ್ಕ್, ಕಡಿಗೆ ಅದ್. ಎರಡೂ ನೀನೇ ಮಾಡ್ಸ್."

ಬೀರುವಿನಿಂದ ಕಾರಿನ ನೋಂದಣಿ ಪುಸ್ತಕ ತಂದರು. ಈಗಿನ ಹಾಗೆ ಕಾರ್ಡಲ್ಲ. ಅಂಗೈಯಗಲದ, ಕಂದು ಬಟ್ಟೆಯ ರಟ್ಟಿನ ಪುಸ್ತಕ. ಮೊದಲ ಹಾಳೆಯಲ್ಲಿ ದೊರೆಯ ಹೆಸರು, ಉದ್ದ ಬಾಲದ ಒಂದು ಇಂಗ್ಲಿಷ್ ಸಹಿ. ಆಮೇಲೆ ಹಾಳೆ ಹಾಳೆಗೂ ಸೀಲು, ನೇರಳೆ ಶಾಯಿ, ಒತ್ತುಮುದ್ರೆ. ಮದ್ರಾಸ್, ಮೈಸೂರು, ಕರ್ನಾಟಕ, ಮೂರೂ ಸರ್ಕಾರಗಳು ಅದರಲ್ಲಿ ಇದ್ದವು.

"ಇದ್ ಒಂದೇ ಇಪ್ಪುದ್. ಕಚೇರಿಯ ಆ ಕಾಲದ ರಿಜಿಸ್ಟರ್ ಗೆದ್ದಲ್ ಹಿಡ್ದ್ ಹೋಯ್ತಂಬ್ರ. ಜೋಪಾನ" ಎಂದರು.

"ನನ್ನ ಕೈಲಿ ಕೊಟ್ಟ ಮೇಲೆ ನೀವು ಮರ್ತು ಬಿಡಿ ಅಮ್ಮ" ಅಂದೆ.

ನಾನು ಮಾಡಬೇಕಾಗಿದ್ದದ್ದು ಇಷ್ಟೇ. ಪುಸ್ತಕದ ಜೆರಾಕ್ಸ್ ಮಾಡಿ, ಅರ್ಜಿ ಟೈಪ್ ಮಾಡಿ, ಎರಡನ್ನೂ ಜಿಲ್ಲಾ ಕೇಂದ್ರದ ಸಾರಿಗೆ ಕಚೇರಿಗೆ ಮುಟ್ಟಿಸುವುದು. ಮರುದಿನ ಜೆರಾಕ್ಸ್ ಅಂಗಡಿಯಲ್ಲಿ ಕರೆಂಟ್ ಇರಲಿಲ್ಲ. ಅದೇ ದಿನ ಗಂಗೊಳ್ಳಿಯಲ್ಲಿ ಒಬ್ಬ ಮೀನು ಲಾರಿಯ ಮಾಲೀಕರ ಸಹಿ ಬೇಕಿತ್ತು. ಪುಸ್ತಕವನ್ನು ಮೇಜಿನ ಡ್ರಾಯರಿನಲ್ಲಿಟ್ಟು ಬೀಗ ಹಾಕಿ ಹೋಗಬಹುದಿತ್ತು. ಹಾಕಲಿಲ್ಲ. ಹಿಂದಿನ ದಿನದಿಂದಲೇ ಸಿಕ್ಕಿದವರಿಗೆಲ್ಲ ಆ ಪುಸ್ತಕ ತೋರಿಸುವ ಚಟ ಹಿಡಿದಿತ್ತು. ಚೀಲದಲ್ಲಿ ಹಾಕಿಕೊಂಡೇ ಹೊಳೆ ದಾಟಿಸುವ ಗಂಗೊಳ್ಳಿಯ ಲಾಂಚ್ ಹತ್ತಿದೆ.

ಲಾಂಚಿನಲ್ಲಿ ನನ್ನ ಪಕ್ಕ ಕೂತವರೊಬ್ಬರು ಎಂತ ಕೆಲಸ ಎಂದು ಕೇಳಿದರು. ನನಗೆ ಅಷ್ಟೇ ಸಾಕಿತ್ತು. ಪುಸ್ತಕ ತೆಗೆದು ದೊರೆಯ ಸಹಿ ಇದ್ದ ಹಾಳೆ ಬಿಡಿಸಿ ಎತ್ತಿ ಹಿಡಿದೆ. ಹೊಳೆಯ ನಡುವೆ ಎದುರಿನಿಂದ ಒಂದು ಮೀನಿನ ಬೋಟು ರಭಸದಲ್ಲಿ ದಾಟಿತು. ಅದರ ತೆರೆಗೆ ಲಾಂಚು ಒಮ್ಮೆ ಹೊಯ್ದಾಡಿತು. ನಾನು ಒಂದು ಕೈಯಲ್ಲಿ ಕಂಬ ಹಿಡಿಯಲು ಹೋದೆ, ಇನ್ನೊಂದು ಕೈಯಲ್ಲಿದ್ದ ಪುಸ್ತಕ ಜಾರಿ ನೀರಿಗೆ ಬಿತ್ತು.

ಕೂಡಲೇ ಮುಳುಗಲಿಲ್ಲ. ರೆಕ್ಕೆ ಬಿಚ್ಚಿದ ಹಕ್ಕಿಯ ಹಾಗೆ ಹಾಳೆ ಬಿಡಿಸಿಕೊಂಡು ತೇಲುತ್ತಾ ಹಿಂದೆ ಹೋಯಿತು. ಲಾಂಚಿನವನು ಇಂಜಿನ್ ನಿಲ್ಲಿಸಿ ತಿರುಗಿಸುವಷ್ಟರಲ್ಲಿ ಅರ್ಧ ಇಳಿದಿತ್ತು. ಮೀನು ಮಾರಿ ವಾಪಸು ಹೊರಟಿದ್ದ ಹೆಂಗಸೊಬ್ಬಳು ತನ್ನ ಖಾಲಿ ಬುಟ್ಟಿಯನ್ನೇ ನೀರಿಗಿಳಿಸಿ ಅದನ್ನು ಬಾಚಿ ತೆಗೆದಳು. ಶಾಯಿ ಅಷ್ಟರಲ್ಲೇ ಬಿಟ್ಟುಕೊಂಡಿತ್ತು. ನೇರಳೆ ನೀರು ನನ್ನ ಅಂಗಿಯ ತೋಳಿನ ಮೇಲೆ ಇಳಿಯಿತು.

"ಯಾರದ್ದ್?" ಎಂದು ಕೇಳಿದಳು.

"ಡಾಕ್ಟ್ರಮ್ಮಂದ್."

"ಓಹ್, ಅವ್ರದ್ದಾ! ಹಾಂಗಾರೆ ಹೆದ್ರುಕ್ ಎಂತ ಇತ್ತ್? ನೆರಳಲ್ಲಿ ಒಣಗ್ಸಿ, ಸೀದಾ ಹೋಯ್ ಅಮ್ಮನ ಹತ್ರ ಹೇಳಿ. ಅವ್ರ್ ಬಯ್ಯುವವ್ರಲ್ಲ."

ಅವಳು ಹೇಳಿದ್ದರಲ್ಲಿ ಅರ್ಧ ಮಾತ್ರ ಮಾಡಿದೆ. ಮನೆಯಲ್ಲಿ ಹಾಳೆಗಳ ನಡುವೆ ಪತ್ರಿಕೆಯ ತುಂಡು ಇಟ್ಟು ನಾಲ್ಕು ದಿನ ಒಣಗಿಸಿದೆ. ಹಾಳೆಗಳು ಸೊಟ್ಟಗಾಗಿ ಹಪ್ಪಳದ ಹಾಗೆ ನಿಂತವು. ದೊರೆಯ ಸಹಿ ಹೋಗಿತ್ತು. ಹೆಸರು ಹೋಗಿತ್ತು. ನಾನು ನೋಡಿದ ಹಾಗೆ ಓದಲು ಸಿಗುವಂಥದ್ದು ಏನೂ ಉಳಿದಿರಲಿಲ್ಲ.

ಐದನೆಯ ದಿನ ಬ್ರಹ್ಮಾವರಕ್ಕೆ ಹೋದೆ. ಹೇಳಬೇಕೆಂದೇ ಹೋದದ್ದು. ಇದನ್ನು ಈಗ ಯಾರು ನಂಬುತ್ತಾರೋ ಗೊತ್ತಿಲ್ಲ. ಆದರೆ ಅಂಗಳದಲ್ಲಿ ಆ ಹಳೆಯ ಕಾರುಗಳ ಸಂಘದ ಇಬ್ಬರು ಬಂದು ಕೂತಿದ್ದರು. ಒಬ್ಬರು ಬಾನೆಟ್ ಎತ್ತಿ ಇಂಜಿನ್ನಿನ ಮೇಲೆ ಕೆತ್ತಿದ ನಂಬರನ್ನು ಬಟ್ಟೆಯಿಂದ ಉಜ್ಜಿ ಓದುತ್ತಿದ್ದರು. "ಇಷ್ಟು ಅಸಲಿಯಾಗಿ ಉಳಿದ ಗಾಡಿ ನಾವು ಈ ಕರಾವಳಿಯಲ್ಲಿ ನೋಡಿಲ್ಲ. ಮೂಲ ಪುಸ್ತಕವೂ ಇದ್ದರೆ ಕಣ್ಣುಮುಚ್ಚಿ ಪಟ್ಟಿಗೆ ಸೇರಿಸುತ್ತೇವೆ" ಎಂದರು.

ಡಾಕ್ಟ್ರಮ್ಮ ನನ್ನನ್ನು ಕಂಡದ್ದೇ ಮುಖ ಅರಳಿಸಿದರು. "ಬನಿ ಬನಿ" ಎಂದು ಅತಿಥಿಗಳ ಎದುರು ನನಗೂ ಬಹುವಚನ ಹಾಕಿದರು. "ಇವ್ರೇ ನಮ್ಮ ಏಜೆಂಟ್ರ್. ಇವ್ರ್ ಕೈಲಿ ಕೊಟ್ರೆ ಒಂದ್ ಕಾಗದ ಆಚೀಚೆ ಆತಿಲ್ಲೆ. ಪುಸ್ತಕ ಎಲ್ಲಿ, ಇವ್ರಿಗೆ ತೋರ್ಸಿ."

ಚೀಲ ನನ್ನ ಹೆಗಲಲ್ಲಿತ್ತು, ಪುಸ್ತಕ ಅದರ ಒಳಗಿತ್ತು.

"ಕಚೇರಿಗೆ ಕೊಟ್ಟು ಆಯಿತು ಅಮ್ಮ. ಅರ್ಜಿಯ ಜೊತೆ ಕೇಳಿದ್ರು" ಎಂದೆ.

ಬಾಯಿಂದ ಬಂದ ಮೇಲೆ ಅದು ಎಷ್ಟು ಸಲೀಸಾಗಿ ಬಂತು ಎಂದು ನನಗೇ ಆಶ್ಚರ್ಯವಾಯಿತು. ಕಾಫಿ ಕುಡಿದೆ. ಅವಲಕ್ಕಿ ತಿಂದೆ. ಅವರ ಜೊತೆ ಕಾರಿನ ಸುತ್ತ ಒಂದು ಸುತ್ತು ಬಂದು, ಬಾಗಿಲು ಎಷ್ಟು ಗಟ್ಟಿ ಎಂದು ನಾನೂ ತಟ್ಟಿ ನೋಡಿದೆ.

ತಿಂಗಳು ಕಳೆದರೂ ಪುಸ್ತಕ ಬಾರದಿದ್ದಾಗ ಡಾಕ್ಟ್ರಮ್ಮ ವಿಚಾರಿಸಿದರು. ಜಿಲ್ಲೆ ಬೇರೆಯಾಗಿ ವರ್ಷವಾಗಿತ್ತಷ್ಟೆ, ಹಳೆಯ ಕಡತಗಳು ಅಲ್ಲಿಂದ ಇಲ್ಲಿಗೆ ಬರುತ್ತಿದ್ದ ಸಮಯ. ಆ ಗಡಿಬಿಡಿಯಲ್ಲಿ ಎಲ್ಲೋ ಸಿಕ್ಕಿಹಾಕಿಕೊಂಡಿದೆ, ಹುಡುಕುತ್ತಿದ್ದಾರೆ ಎಂದೆ. ಅಷ್ಟು ಹೇಳಿದರೆ ಸುಮ್ಮನಾಗುತ್ತಾರೆ ಎಂದುಕೊಂಡಿದ್ದೆ. ಸುಮ್ಮನಾಗುವ ಹೆಂಗಸಲ್ಲ ಎಂಬುದನ್ನು ಮರೆತಿದ್ದೆ.

"ಹಾಂಗಾರೆ ನಾನೇ ಹೋಯ್ ಕೇಣ್ತೆ. ನೀನೂ ಬಾ, ಯಾರ ಕೈಲಿ ಕೊಟ್ಟದ್ದಂದೇಳಿ ತೋರ್ಸ್" ಎಂದರು.

ಅವರೇ ಕಾರು ಓಡಿಸಿದರು. ನಾನು ಪಕ್ಕದ ಸೀಟಿನಲ್ಲಿ ಕೂತು ದಾರಿಯುದ್ದಕ್ಕೂ ಬಾಯಿ ಬಿಡಲು ನೋಡಿದೆ. ಕಚೇರಿ ಬಂತು.

ದಾಖಲೆ ಕೋಣೆಯಲ್ಲಿ ಒಬ್ಬ ಗುಮಾಸ್ತರಿದ್ದರು. ಬೈಂದೂರಿನವರು. ದಿನಾ ಬೆಳಿಗ್ಗೆ ಅಲ್ಲಿಂದ ಬಸ್ಸಿನಲ್ಲಿ ಬಂದು, ಬುತ್ತಿ ಡಬ್ಬವನ್ನು ಕಿಟಕಿಯಲ್ಲಿಟ್ಟು, ಸಂಜೆಯವರೆಗೆ ತಲೆ ಎತ್ತದೆ ಕೆಲಸ ಮಾಡುವವರು. ಸಣ್ಣ ದನಿ. ನಾಲ್ಕು ವರ್ಷದಲ್ಲಿ ನನಗೆ ಒಮ್ಮೆಯೂ 'ನಾಳೆ ಬನ್ನಿ' ಎಂದವರಲ್ಲ. ಅವರು ಬಂದ ಕಾಗದಗಳನ್ನು ದಾಖಲಿಸುವ ಆವಕ ಪುಸ್ತಕ ತೆಗೆದು ಬೆರಳಿಟ್ಟು ಸಾಲು ಸಾಲು ನೋಡಿದರು.

"ಎಂಟ್ರಿ ಇಲ್ಲೆ ಅಮ್ಮ. ನಮ್ಮಲ್ಲಿಗೆ ಬಂದದ್ದೇ ಇಲ್ಲೆ ಕಾಣಿ."

ಡಾಕ್ಟ್ರಮ್ಮ ನನ್ನ ಕಡೆ ತಿರುಗಿದರು. "ನೀನ್ ಯಾರ ಕೈಲಿ ಕೊಟ್ಟದ್ದ್?"

ಆ ಕೋಣೆಯಲ್ಲಿ ಇನ್ನೂ ನಾಲ್ಕೈದು ಜನ ಇದ್ದರು. ಬೇರೆ ಏಜೆಂಟರೂ ಇದ್ದರು. ಎಲ್ಲರೂ ನನ್ನ ಬಾಯಿಯನ್ನೇ ನೋಡುತ್ತಿದ್ದರು.

"ಇವರ ಕೈಯಲ್ಲೇ" ಎಂದೆ. "ಹೋದ ತಿಂಗಳ ಮೊದಲ ಬುಧವಾರ, ಮಧ್ಯಾಹ್ನದ ಹೊತ್ತಿಗೆ."

ಗುಮಾಸ್ತರು ನನ್ನನ್ನು ನೋಡಿದರು. ಸಿಟ್ಟು ಬರುತ್ತದೆ, ಕೂಗುತ್ತಾರೆ, ಆಗ ನಾನೂ ಕೂಗಿ ತಪ್ಪಿಸಿಕೊಳ್ಳಬಹುದು ಎಂದು ಕಾದೆ. ಅವರು ಕೂಗಲಿಲ್ಲ. ಅವರ ಮುಖದಲ್ಲಿ ಕಂಡದ್ದು ಅನುಮಾನ, ಆದರೆ ನನ್ನ ಮೇಲಲ್ಲ.

"ನಂಗೆ ನೆನಪಿಲ್ಲೆ" ಎಂದರು ನಿಧಾನವಾಗಿ. "ಆ ವಾರ ನನ್ನ ಹೆಂಡ್ತಿ ಆಸ್ಪತ್ರೆಯಲ್ಲಿದ್ದಿತ್ತ್. ತಲೆ ಸಮ ಇರ್ಲಿಲ್ಲೆ. ತಕಂಡ್ ಎಲ್ಲಾರೂ ಇಟ್ನೋ ಏನೋ. ಇವ್ರ್ ಸುಳ್ಳ್ ಹೇಳುವ ಜನ ಅಲ್ಲ."

ಡಾಕ್ಟ್ರಮ್ಮ ಆಗ ಅವರಿಗೆ ಹೇಳಿದ ಮಾತುಗಳನ್ನು ಇಲ್ಲಿ ಪೂರ್ತಿ ಬರೆಯಲಾರೆ. ನಲವತ್ತು ವರ್ಷ ಜೋಪಾನ ಮಾಡಿದ್ದನ್ನು ನೀವು ನಲವತ್ತು ದಿನ ಇಟ್ಟುಕೊಳ್ಳಲಿಲ್ಲ ಎಂದರು, ಸರ್ಕಾರದ ಅನ್ನ ತಿನ್ನುವವರಿಗೆ ನಾಚಿಕೆ ಬೇಕು ಎಂದರು. ಗುಮಾಸ್ತರು ಎದ್ದು ನಿಂತು ಕೇಳಿಸಿಕೊಂಡರು. ಮೂರು ದಿನ ಕೋಣೆಯ ಒಂದೊಂದೇ ಕಟ್ಟು ಬಿಚ್ಚಿ ಹುಡುಕಿದರಂತೆ. ನಾಲ್ಕನೆಯ ದಿನ, ತನ್ನ ಅಜಾಗ್ರತೆಯಿಂದ ಕಳೆದುಹೋಗಿರಬಹುದು ಎಂದು ಬರೆದುಕೊಟ್ಟರು. ಅವರಿಗೆ ಮೆಮೊ ಕೊಟ್ಟು, ದಾಖಲೆ ಕೋಣೆಯಿಂದ ತೆಗೆದು ಟಪ್ಪಾಲು ಕಳಿಸುವ ಮೇಜಿಗೆ ಕೂರಿಸಿದರು. ಹೆಂಡತಿ ಆ ಮಳೆಗಾಲದಲ್ಲೇ ತೀರಿಕೊಂಡರು. ಇದನ್ನು ನನಗೆ ಇನ್ನೊಬ್ಬ ಏಜೆಂಟ್ ಹೇಳಿದ. "ಪಾಪ" ಎಂದೆ.

ಮೂಲ ಪುಸ್ತಕವಿಲ್ಲದ ಕಾರಣ ಸಂಘದವರು ಕಾರನ್ನು ಪಟ್ಟಿಗೆ ಸೇರಿಸಲಿಲ್ಲ. ಹಳೆಯ ನಂಬರಿಗೆ ದಾಖಲೆ ಇಲ್ಲವೆಂದು, ಅಫಿಡವಿಟ್ಟುಗಳೆಲ್ಲ ಮುಗಿದ ಮೇಲೆ ಹೊಸ ನಂಬರ್ ಸಿಕ್ಕಿತು. ಹಳೆಯ ಪ್ಲೇಟು ಬಿಚ್ಚಿದವನು ನಾನೇ. ಸ್ಕ್ರೂ ತುಕ್ಕು ಹಿಡಿದು ತಿರುಗುತ್ತಿರಲಿಲ್ಲ. ಡಾಕ್ಟ್ರಮ್ಮ ಒಳಗಿಂದ ತೆಂಗಿನೆಣ್ಣೆ ತಂದು ಕೊಟ್ಟರು. "ಹೋದ್ದ್ ಹೋಯ್ತ್, ನೀನೆಂತ ಮಾಡುಕಾತ್ತ್? ನಿನ್ನ ಪ್ರಯತ್ನ ನೀ ಮಾಡ್ದೆ" ಎಂದರು. ನಾನು ತಲೆ ಬಗ್ಗಿಸಿ ಸ್ಕ್ರೂ ತಿರುಗಿಸಿದೆ.

ಆಮೇಲೆ ಹದಿಮೂರು ವರ್ಷ. ನನಗೆ ಮದುವೆಯಾಯಿತು, ಸ್ವಂತ ಕೋಣೆಯ ಆಫೀಸಾಯಿತು, ಟೈಪ್‌ರೈಟರ್ ಹೋಗಿ ಕಂಪ್ಯೂಟರ್ ಬಂತು. ಪುಸ್ತಕ ಟ್ರಂಕಿನ ಅಡಿಯಲ್ಲಿ, ಹೆಂಡತಿಯ ಕಣ್ಣಿಗೆ ಬೀಳದ ಹಾಗೆ ಇತ್ತು. ಎರಡು ಸಲ ಸುಡಲು ಹೊರಗೆ ತೆಗೆದೆ, ಎರಡು ಸಲವೂ ವಾಪಸು ಇಟ್ಟೆ. ಇದನ್ನು ಒಳ್ಳೆಯತನ ಎಂದು ಹೇಳಿಕೊಳ್ಳಲಾರೆ. ಸುಟ್ಟರೆ ವಾಸನೆ ಬಂದು ಯಾರಾದರೂ ಕೇಳಿಯಾರು ಎಂಬ ಹೆದರಿಕೆ ಅಷ್ಟೆ.

೨೦೧೧ರಲ್ಲಿ ಒಂದು ಕೆಲಸಕ್ಕೆ ಬೈಂದೂರಿಗೆ ಹೋಗಿದ್ದಾಗ ಬಸ್ ಸ್ಟ್ಯಾಂಡಿನಲ್ಲಿ ಆ ಗುಮಾಸ್ತರು ಸಿಕ್ಕಿದರು. ನಿವೃತ್ತರಾಗಿದ್ದರು. ನಾನು ಪಕ್ಕಕ್ಕೆ ಸರಿಯುವುದರೊಳಗೆ ಅವರೇ ಹತ್ತಿರ ಬಂದು ಕೈ ಹಿಡಿದರು.

"ಏಜೆಂಟ್ರೆ, ಆ ಅಮ್ಮ ಇದ್ರಾ? ಆ ಪುಸ್ತಕದ್ದ್ ನಂಗೆ ಇನ್ನೂ ಮರ್ತ್ ಹೋಯ್ಲಿಲ್ಲೆ. ನನ್ನ ದೆಸೆಯಿಂದ ನಿಮ್ಮ ಹೆಸ್ರೂ ಹಾಳಾಯ್ತೇನೋ."

ಅವರು ನನ್ನ ಕ್ಷಮೆ ಕೇಳುತ್ತಿದ್ದರು. ನಾನು "ಅದೆಲ್ಲ ಎಂತ ಇಲ್ಲ ಸರ್" ಎಂದು ಬಸ್ ಹತ್ತಿದೆ. ತ್ರಾಸಿ ಬರುವಷ್ಟರಲ್ಲಿ ಬಸ್ ನಿಲ್ಲಿಸಿ ಇಳಿದೆ. ರಸ್ತೆಯ ಬದಿಗೆ ಕೂತು ವಾಂತಿ ಮಾಡಿದೆ. ಯಾರೋ ಹೋಟೆಲಿನವರು ನೀರು ತಂದುಕೊಟ್ಟು ಬಿಸಿಲಿಗೆ ಆದದ್ದಿರಬೇಕು ಎಂದರು.

ಮರುದಿನ ಬೆಳಿಗ್ಗೆ ಪುಸ್ತಕ ಹಿಡಿದು ಬ್ರಹ್ಮಾವರಕ್ಕೆ ಹೋದೆ. ಡಾಕ್ಟ್ರಮ್ಮನಿಗೆ ಎಂಬತ್ತು ದಾಟಿತ್ತು. ಕಾರು ಓಡಿಸುವುದನ್ನು ಬಿಟ್ಟಿದ್ದರು, ಆದರೆ ವಾರಕ್ಕೊಮ್ಮೆ ಮೆಕ್ಯಾನಿಕ್ ಬಂದು ಸ್ಟಾರ್ಟ್ ಮಾಡಿ ಹೋಗುತ್ತಿದ್ದ. ಮೇಜಿನ ಮೇಲೆ ಪುಸ್ತಕ ಇಟ್ಟು ಎಲ್ಲ ಹೇಳಿದೆ. ಲಾಂಚು, ಸಂಘದವರು, ಬುಧವಾರ ಎಂದದ್ದು. ಡಾಕ್ಟ್ರಮ್ಮ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು.

"ಪುಸ್ತಕ ಹೋದ್ರೆ ಹೋಯ್ಲಿ. ಆ ಮನುಷ್ಯನ ಹತ್ರ ನಾನ್ ಎಂತೆಲ್ಲ ಹೇಳ್ದೆ, ನಿಂಗೆ ನೆನಪಿತ್ತಾ?"

"ಇದೆ ಅಮ್ಮ."

"ಹೆಂಡ್ತಿ ಆಸ್ಪತ್ರೆಯಲ್ಲಿತ್ತ್ ಅಂದ್ರ್ ಅವ್ರ್. ನಾನ್ ಡಾಕ್ಟ್ರ್. ಎಂತ ಆಯಿತ್ತ್ ಅಂದೇಳಿ ಒಂದ್ ಮಾತ್ ಕೇಣ್ಲಿಲ್ಲೆ." ಪುಸ್ತಕವನ್ನು ನನ್ನ ಕಡೆ ತಳ್ಳಿದರು. "ನನ್ನ ಬಾಯಿಂದ ಆ ಮಾತ್ ಹೇಳ್ಸಿದ್ ನೀನ್. ಏಳ್. ಕಾರ್ ತೆಗಿ. ನಂಗೆ ಅವ್ರ ಮನೆಗೆ ಹೋಯ್ಕ್."

ಆ ಕಾರನ್ನು ನಾನು ಓಡಿಸಿದ್ದು ಅದೊಂದೇ ಸಲ. ಗೇರು ಬೀಳುತ್ತಿರಲಿಲ್ಲ. ಡಾಕ್ಟ್ರಮ್ಮ ಹಿಂದಿನ ಸೀಟಿನಲ್ಲಿ ಕೂತಿದ್ದರು. ಬೈಂದೂರಿನ ಬಸ್ ಸ್ಟ್ಯಾಂಡಿನಲ್ಲಿ ಮನೆ ಎಲ್ಲಿ ಎಂದು ಕೇಳಿಕೊಂಡು ಹೋದೆವು.

ಗುಮಾಸ್ತರದ್ದು ರೈಲ್ವೆ ಹಳಿಯ ಈಚೆ ಸಣ್ಣ ಮನೆ. ನಮ್ಮನ್ನು ಕಂಡು ಗಾಬರಿಯಾಗಿ, ಲುಂಗಿ ಸರಿಮಾಡಿಕೊಂಡು, "ಬನಿ ಅಮ್ಮ, ಕೂಕಣಿ" ಎಂದರು. ಡಾಕ್ಟ್ರಮ್ಮ ಕೂರಲಿಲ್ಲ. "ಮೊದ್ಲ್ ಇವ ಹೇಳ್ಲಿ" ಎಂದರು.

ಹೇಳಿದೆ. ಬೆಳಿಗ್ಗೆ ಹೇಳಿದ್ದಕ್ಕಿಂತ ಕಷ್ಟವಾಯಿತು. ಅವರು ಕೇಳುತ್ತಾ ಕೇಳುತ್ತಾ ಗೋಡೆಗೆ ಒರಗಿ ಕೂತರು. ಡಾಕ್ಟ್ರಮ್ಮ ಅವರೆದುರು ಕೈ ಮುಗಿದು, "ನಾನ್ ಅವತ್ತ್ ಆಡಿದ್ ಮಾತ್ ವಾಪಾಸ್ ತಕಂತೆ" ಎಂದರು. ಅವರು ಗಡಬಡಿಸಿ ಎದ್ದು, "ಅಯ್ಯೋ, ನೀವ್ ಹಾಂಗೆ ಮಾಡುಕಾಗ ಅಮ್ಮ" ಎಂದು ಆ ಕೈಗಳನ್ನು ಕೆಳಗಿಳಿಸಿದರು. ಆಮೇಲೆ ನನ್ನ ಕಡೆ ತಿರುಗಿದರು.

"ಹದಿಮೂರ್ ವರ್ಷ ನಾನ್ ನನ್ನ ಕೈಯನ್ನೇ ನಂಬ್ಲಿಲ್ಲೆ" ಎಂದರು. "ಬಾಗ್ಲಿಗೆ ಬೀಗ ಹಾಕಿ ನಾಲ್ಕ್ ಹೆಜ್ಜೆ ಹೋಯ್ ಪುನಃ ಬಂದ್ ಕಾಂತಿದ್ದೆ. ಗ್ಯಾಸ್ ಮೂರ್ ಸರ್ತಿ ಕಾಂತಿದ್ದೆ. ಹೆಂಡ್ತಿಗೆ ಮದ್ದ್ ಸಮ ಕೊಟ್ಟಿದ್ನೋ ಇಲ್ಯೋ, ನಾನೇ ಏನಾರೂ ತಪ್ಪ್ ಮಾಡಿದ್ನೋ ಅಂದೇಳಿ ಇಷ್ಟ್ ವರ್ಷ..."

ನಾನು ಕಾಲು ಮುಟ್ಟಲು ಬಗ್ಗಿದೆ. ಅವರು ಕಾಲು ಹಿಂದಕ್ಕೆಳೆದುಕೊಂಡರು.

"ಬೇಡ. ಪುಸ್ತಕ ಕೊಡಿ ಇಲ್ಲಿ."

ಕಿಟಕಿಯ ಬೆಳಕಿಗೆ ಹಿಡಿದು ಹಾಳೆ ತಿರುವಿದರು. ಉಗುರಿನ ತುದಿಯಿಂದ ಒಂದು ಕಡೆ ಸವರಿದರು. ಶಾಯಿ ಹೋಗಿದ್ದರೂ ಒತ್ತುಮುದ್ರೆಗಳು ಹೋಗಿರಲಿಲ್ಲ. ನಡುವಿನ ಹಾಳೆಯೊಂದರಲ್ಲಿ ಟೈಪ್ ಮಾಡಿದ ಅಕ್ಷರಗಳು ಕಾಗದದಲ್ಲಿ ಕುಳಿಬಿದ್ದು ನಿಂತಿದ್ದವು. ಓರೆಯಾಗಿ ಹಿಡಿದರೆ ಇಂಜಿನ್ ನಂಬರು, ಗಾಡಿಯ ನಂಬರು ಎರಡೂ ಕಾಣುತ್ತಿದ್ದವು.

"ಇದ್ ಅವತ್ತೇ ತಂದಿದ್ರೆ ಸಾಕಿತ್ತ್" ಎಂದರು. "ಒದ್ದೆಯಾದ್ದಕ್ಕೆ ಬೇರೆ ಫಾರಂ ಇತ್ತ್. ನಾನೇ ಬರ್ದ್ ಕೊಡ್ತಿದ್ದೆ."

ಅದನ್ನು ಅವರು ಬೈಯುವುದಕ್ಕೆ ಹೇಳಲಿಲ್ಲ, ಕಚೇರಿಯ ಮಾತಾಗಿ ಹೇಳಿದರು. ಅವರು ಬೈದಿದ್ದರೂ ನನಗೆ ಅಷ್ಟು ತಾಗುತ್ತಿರಲಿಲ್ಲ.

ಸಂಘಕ್ಕೆ ಹೊಸ ಅರ್ಜಿಯನ್ನು ಅವರೇ ತಮ್ಮ ಕೈಬರಹದಲ್ಲಿ ಬರೆದರು. ಯಾವ ಹಾಳೆಯಲ್ಲಿ ಯಾವ ಮುದ್ರೆ ಉಳಿದಿದೆ ಎಂದು ಪಟ್ಟಿ ಮಾಡಿ, ಪೆನ್ಸಿಲ್ ಉಜ್ಜಿ ಪಡಿಯಚ್ಚು ತೆಗೆದು ಅಂಟಿಸಿದರು. ಡಾಕ್ಟ್ರಮ್ಮ ಆ ಕಾಗದಗಳನ್ನು ನನ್ನ ಕೈಯಲ್ಲಿ ಕೊಡಲಿಲ್ಲ, ರಿಜಿಸ್ಟರ್ಡ್ ಪೋಸ್ಟಿನಲ್ಲಿ ಕಳಿಸಿದರು. ಸಂಘದವರು ಬಂದು ಕಾರಿನ ನಂಬರುಗಳ ಜೊತೆ ತಾಳೆ ನೋಡಿ ಒಪ್ಪಿದರು. ಸರ್ಕಾರದ ಹೊಸ ನಂಬರು ಬದಲಾಗಲಿಲ್ಲ, ಅದು ಇನ್ನು ಸಾಧ್ಯವಿರಲಿಲ್ಲ. ಆದರೆ ಪಾರಂಪರಿಕ ವಾಹನದ ಸರ್ಟಿಫಿಕೇಟಿನಲ್ಲಿ ಮದ್ರಾಸಿನ ಹಳೆಯ ನಂಬರೇ ಬಂತು. ಅದನ್ನು ಕೊಡುವ ದಿನ ಬ್ರಹ್ಮಾವರದ ಒಂದು ಶಾಲೆಯ ಮೈದಾನದಲ್ಲಿ ಏಳೆಂಟು ಹಳೆಯ ಕಾರುಗಳು ನಿಂತಿದ್ದವು. ಡಾಕ್ಟ್ರಮ್ಮ ಗುಮಾಸ್ತರನ್ನು ಕರೆಸಿ ತಮ್ಮ ಪಕ್ಕ ಕೂರಿಸಿಕೊಂಡರು. ನನ್ನನ್ನು ಕರೆದಿರಲಿಲ್ಲ. ಹೋಗಿ ಗೇಟಿನ ಹೊರಗೆ ನಿಂತು ನೋಡಿ ಬಂದೆ.

ನನ್ನ ಪಾಲಿಗೆ ಇನ್ನೊಂದು ಕೆಲಸ ಉಳಿದಿತ್ತು. ಪುಸ್ತಕ ಕಳೆದದ್ದು ಗುಮಾಸ್ತರ ತಪ್ಪಲ್ಲ, ನನ್ನ ತಪ್ಪು, ಬುಧವಾರ ಕೊಟ್ಟೆ ಎಂದು ನಾನು ಸುಳ್ಳು ಹೇಳಿದೆ ಎಂದು ಛಾಪಾ ಕಾಗದದಲ್ಲಿ ಬರೆದು ಕಚೇರಿಗೆ ಕೊಂಡುಹೋದೆ. ಅಲ್ಲಿನ ಅಧಿಕಾರಿ ಓದಿ, "ಅವರು ರಿಟೈರ್ ಆಗಿ ಆಯ್ತಲ್ಲ ಮಾರಾಯ್ರೆ, ಈಗ ಇದೆಲ್ಲ ಯಾಕೆ?" ಎಂದರು. ಹಟ ಹಿಡಿದು ಸೀಲು ಹಾಕಿಸಿಕೊಂಡೆ. ಬೇರೆ ಏಜೆಂಟರ ಕೈಗೂ ಆ ಕಾಗದ ಹೋಯಿತು, ಓದಿದರು. ಊರಿಗೆಲ್ಲ ಗೊತ್ತಾಯಿತು. ಮನೆಯಲ್ಲಿ ಹೆಂಡತಿ ಎರಡು ದಿನ ನನ್ನ ಮುಖ ನೋಡಲಿಲ್ಲ.

ಸೀಲು ಬಿದ್ದ ಪ್ರತಿಯನ್ನು ಬೈಂದೂರಿಗೆ ಕೊಂಡುಹೋಗಿ ಕೊಟ್ಟೆ. ಗುಮಾಸ್ತರು ಬಾಗಿಲಲ್ಲೇ ನಿಂತು ಮೊದಲಿನಿಂದ ಕೊನೆಯವರೆಗೆ ಓದಿದರು. ಜೇಬಿನಿಂದ ಪೆನ್ನು ತೆಗೆದು ಒಂದು ಪದದ ಕೆಳಗೆ ಗೆರೆ ಎಳೆದರು.

"ನೀವ್ ಅವತ್ತ್ ಬುಧವಾರ ಕೊಟ್ಟೆ ಅಂದೇಳಿ ಹೇಳಿದ್ರಿ. ಇಲ್ಲಿಯೂ ಹಾಂಗೇ ಬರ್ದಿದ್ರಿ" ಎಂದರು. "ಆ ಬುಧವಾರ ನಾನ್ ರಜೆ. ಇಡೀ ದಿನ ಆಸ್ಪತ್ರೆಯಲ್ಲಿದ್ದೆ. ಅವತ್ತೇ ನಂಗೆ ಅದ್ ಹೊಳೀಕಾಗಿತ್ತ್."

ಕಾಗದ ಮಡಚಿ ಒಳಗೆ ಹೋದರು. ನಾನು ಸ್ವಲ್ಪ ಹೊತ್ತು ಅಂಗಳದಲ್ಲಿ ನಿಂತಿದ್ದೆ. ಅವರು ಮತ್ತೆ ಹೊರಗೆ ಬರಲಿಲ್ಲ. ಡಾಕ್ಟ್ರಮ್ಮ ಆಮೇಲೆ ಎರಡು ವರ್ಷ ಇದ್ದರು. ಕಡೆಯ ದಿನಗಳಲ್ಲಿ ನೋಡಲು ಹೋದರೆ ಕೂರು ಎನ್ನುತ್ತಿದ್ದರು, ಕಾಫಿ ಕೊಡಿಸುತ್ತಿದ್ದರು, ಆದರೆ ಯಾವ ಕೆಲಸವನ್ನೂ ಹೇಳುತ್ತಿರಲಿಲ್ಲ.

ಗುಮಾಸ್ತರು ಈಗಲೂ ಆಗೀಗ ಬಸ್ಸಿನಲ್ಲಿ ಸಿಗುತ್ತಾರೆ. ಮುಖ ತಿರುಗಿಸುವುದಿಲ್ಲ, ಮಾತೂ ಆಡುವುದಿಲ್ಲ. ಅವರು ಇಳಿಯುವವರೆಗೆ ನಾನು ಸೀಟು ಖಾಲಿ ಇದ್ದರೂ ಕೂರುವುದಿಲ್ಲ. ಇದರಿಂದ ಅವರಿಗೆ ಏನೂ ಆಗಬೇಕಾದ್ದಿಲ್ಲ, ನನಗೆ ಗೊತ್ತು.